ಚೀಲ ಕಳೆದು

ಗೋದಾಮಿನಲ್ಲಿ ತೂಕ ಹಾಕುವವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಮ್ಮ ಬಾಯಲ್ಲಿ ಅವನು ಮುಳ್ಳಣ್ಣ. ತೂಕದ ಯಂತ್ರದ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. "ಉಪ್ಪು ಸಾಕಾ ಅಂತ ಕೇಳಿದ್ರೆ, ಇವರು ಉತ್ತರ ಕೊಡೋಷ್ಟರಲ್ಲಿ ಪಾತ್ರೆ ತೊಳೆದಿಟ್ಟಿರ್ತೀನಿ" ಎನ್ನುತ್ತಿದ್ದಳು ಅವನ ಹೆಂಡತಿ.

ಅವನಿಗೆ ಇನ್ನೊಂದು ಪದ್ಧತಿಯಿತ್ತು. ಅದನ್ನು ಅಂಟಿಸಿದವರು ನಾವೇ, ಸಂಘದವರು. ಅವನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕಾಳು ಕಡಿಮೆ ಬಂತೆಂದು ಇಬ್ಬರು ಹಮಾಲರನ್ನು ಕಳ್ಳರೆಂದು ಹೊರದಬ್ಬಿದರು. ಕಡಿಮೆ ಬಿದ್ದದ್ದು ಖಾಲಿ ಚೀಲದ ತೂಕ, ಚೀಲಕ್ಕೆ ಆರುನೂರು ಗ್ರಾಂ. ಒಳಗೆ ಬರುವಾಗ ಚೀಲ ಸೇರಿಸಿ, ಹೊರಗೆ ಹೋಗುವಾಗ ಬಿಟ್ಟು ಬರೆದಿದ್ದರು, ಅಷ್ಟೆ. ಹನ್ನೊಂದು ದಿನ ಗೇಟಿನ ಮುಂದೆ ಕೂತೆವು, ಲಾಠಿ ತಿಂದೆವು. ಆ ಇಬ್ಬರು ವಾಪಸ್ಸು ಬರಲಿಲ್ಲ. 'ಚೀಲ ಕಳೆದು ಬರೆಯತಕ್ಕದ್ದು' ಎಂಬ ಒಂದು ಸಾಲಿನ ನಿಯಮ ಬಂತು. ಅಂದಿನಿಂದ ಚೀಲ ಕಳೆಯದೆ ಮುಳ್ಳಣ್ಣನ ಕೈ ಒಂದು ಅಂಕಿಯನ್ನೂ ಬರೆದದ್ದಿಲ್ಲ.

ಮುಳ್ಳಣ್ಣನದು ಇಪ್ಪತ್ತಾರು ವರ್ಷ ದಿನಗೂಲಿ. ಕಾಯಂ ಮಾಡಿ ಎಂದು ಕೂಗಿ ಕೂಗಿ ನಮ್ಮ ಗಂಟಲು ಹರಿದ ಮೇಲೆ ಆಡಳಿತದವರು ಕರುಣೆ ತೋರಿದರು. ಇಂಗ್ಲಿಷ್ ಪರೀಕ್ಷೆ ಪಾಸಾದರೆ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ವಿಷಯ: ಅಳತೆಗಳ ಏಕವಚನ, ಬಹುವಚನ. ಅನ್ನ ಕೇಳಿದವರಿಗೆ ವ್ಯಾಕರಣ ಬಡಿಸಿದರು.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅವನ ಮಗಳು ಪಾಠಕ್ಕೆ ಕೂತಳು.

"ಅಪ್ಪಾ, ಒಂದಾದ್ರೆ ಕಿಲೋಗ್ರಾಂ. ಐವತ್ತಾದ್ರೆ ಬಾಲಕ್ಕೊಂದು ಎಸ್, ಕಿಲೋಗ್ರಾಂಸ್."

"ನಾವು ಐವತ್ತಾದ್ರೂ ಕಿಲೋ ಅಂತಲೇ ಅನ್ನೋದು. ಒಂದೋ ಐವತ್ತೋ ಅಂತ ಹೊತ್ತವನ ಬೆನ್ನಿಗೆ ಗೊತ್ತಾಗುತ್ತೆ."

"ಬೆನ್ನು ಪರೀಕ್ಷೆ ಬರೆಯಲ್ಲಪ್ಪ. ಇನ್ನೊಂದು ಕೇಳು. ಐವತ್ತು ಕಿಲೋಗ್ರಾಂ ಚೀಲ ಅಂತ ಚೀಲದ ಮುಂದೆ ಬಂದ್ರೆ ಎಸ್ ಬೇಡ."

"ಮಾಲೀಕನ ಮುಂದೆ ನಮ್ಮ ಮೇಸ್ತ್ರಿ ಬಾಲ ಮುದುರಿಕೊಂಡ ಹಾಗೆ!"

ಒಳಗಿನಿಂದ ಹೆಂಡತಿ ಕೂಗಿದಳು: "ಗೇಲಿ ಆಮೇಲೆ ಮಾಡಿ. ಫೇಲಾದ್ರೆ ಮನೇಲಿ ಕೂತು ನನ್ನ ಬೇಳೆ ಡಬ್ಬಿ ತೂಗ್ತೀರಾ?"

ಆ ಮಾತು ನಾಟಿತು. ಹದಿನೈದು ದಿನ ತೂಕದ ಯಂತ್ರದ ಪಕ್ಕದಲ್ಲೇ ನಿಂತು ಗ್ರಾಂಸ್, ಲೀಟರ್ಸ್, ಮೀಟರ್ಸ್ ಎಂದು ಜಪ ಮಾಡಿದ. ಹತ್ತು ಪ್ರಶ್ನೆಗಳಲ್ಲಿ ಐದು ಸರಿಯಾದರೆ ಪಾಸು. ಅವನಿಗೆ ಬಂದದ್ದು ನಾಲ್ಕು.

ಸಂಘದಿಂದ ನಾವಿಬ್ಬರು ಅವನನ್ನು ಎಳೆದುಕೊಂಡು ಅಧಿಕಾರಿಯ ಕೋಣೆಗೆ ನುಗ್ಗಿದೆವು. ಅವರು ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು.

"ನೋಡಿ ಸ್ವಾಮಿ, ಕಾಳಿನ ಚೀಲದ ತೂಕ ಐವತ್ತು, ಮುಂದೆ ಖಾಲಿ ಜಾಗ. ಕಿಲೋಗ್ರಾಂ ಅಂತಲೋ ಕಿಲೋಗ್ರಾಂಸ್ ಅಂತಲೋ ತುಂಬಿ ಪೂರ್ತಿ ವಾಕ್ಯ ಬರೀಬೇಕು. ಇವರು ಐವತ್ತನ್ನೇ ಬಿಟ್ಟು ನಲವತ್ತೊಂಬತ್ತು ಪಾಯಿಂಟ್ ನಾಲ್ಕು ಅಂತ ಬರೆದಿದಾರೆ. ಎಣ್ಣೆ ಡಬ್ಬಿಗೆ ಒಂದು ಕಿಲೋ ಕಳೆದಿದಾರೆ. ಆರು ಪ್ರಶ್ನೆ ಹೀಗೇ!"

"ಎಸ್ ಹಾಕಿದಾನಾ?"

"ಹಾಕಿದಾರೆ. ಎಲ್ಲಾ ಕಡೆ ಸರಿಯಾಗೇ ಹಾಕಿದಾರೆ."

"ಮತ್ತೆ?"

"ಮಾದರಿ ಉತ್ತರದಲ್ಲಿ ಐವತ್ತಿದೆ."

ಮುಳ್ಳಣ್ಣ ಅಪರೂಪಕ್ಕೆ ತಾನಾಗಿ ಬಾಯಿಬಿಟ್ಟ. "ಚೀಲ ಕಳೆಯೋದು ಬೇಡ್ವಾ ಸಾರ್?"

ಅಧಿಕಾರಿ ನಮ್ಮ ಮುಖ ನೋಡಿದರು, ಕಿಟಕಿಯಾಚೆಯ ಗೇಟು ನೋಡಿದರು. ಅಲ್ಲಿ ಇನ್ನೊಂದು ಹನ್ನೊಂದು ದಿನ ಕೂರುವ ಜನ ಇವರು ಎಂದು ಲೆಕ್ಕ ಹಾಕಿರಬೇಕು. ಹೊಸ ಹಾಳೆ ತಳ್ಳಿದರು. "ಇಲ್ಲೇ ಮತ್ತೆ ಬರೀರಿ. ಐವತ್ತು ಇದ್ದ ಕಡೆ ಐವತ್ತೇ ಇರಲಿ."

ಮೊದಲ ಚೀಲದ ಹತ್ತಿರ ಪೆನ್ನು ನಿಂತುಬಿಟ್ಟಿತು. "ಬರಿಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ. ಚೀಲ ಕಳೆಯಿರಿ ಎಂದು ಗೇಟಿನ ಮುಂದೆ ಹನ್ನೊಂದು ದಿನ ಅರಚಿದ್ದು ಇದೇ ಬಾಯಿ. ಕೊನೆಗೂ ಬರೆದ: ಐವತ್ತು ಕಿಲೋಗ್ರಾಂಸ್. ಅದರ ಪಕ್ಕ ನಮ್ಮ ಭಾಷೆಯಲ್ಲಿ 'ಚೀಲ ಸೇರಿ'. ಎಣ್ಣೆಯ ಪಕ್ಕ 'ಡಬ್ಬಿ ಸೇರಿ'. ಆರು ಕಡೆಯೂ ಹಾಗೇ.

"ಇದೇನ್ರೀ ಇದು?"

"ಕೆಳಗೆ ಸಹಿ ನಂದಲ್ವಾ ಸಾರ್?"

ಹತ್ತಕ್ಕೆ ಹತ್ತು ಬಂತು. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದಾಗ ಕಾಯಂ ಆದೇಶ ದಪ್ಪ ಲಕೋಟೆಯಲ್ಲಿ ಗೋದಾಮಿಗೆ ಇಳಿಯಿತು. ಮುಳ್ಳಣ್ಣ ಲಕೋಟೆ ಒಡೆದು ಪಕ್ಕಕ್ಕಿಟ್ಟ. ಒಳಗಿದ್ದ ಒಂದೇ ಒಂದು ಹಾಳೆಯನ್ನು, ಕಾಳಿನ ಮಾದರಿ ತೂಗುವ ಸಣ್ಣ ಯಂತ್ರದ ಮೇಲೆ ಹಾಕಿದ.

"ಇಪ್ಪತ್ತಾರು ವರ್ಷಕ್ಕೆ ಎಷ್ಟು ಬಂತಣ್ಣಾ?" ಎಂದ ಒಬ್ಬ ಹಮಾಲ.

ಮುಳ್ಳು ನಿಲ್ಲುವ ತನಕ ಕಾದ.

"ಲಕೋಟೆ ಕಳೆದು ಐದು ಗ್ರಾಂ."

"ಗ್ರಾಂಸು ಅನ್ನಣ್ಣಾ, ಪಾಸಾಗಿದೀಯ!"

"ಹೋಗೋ, ಲಾರಿ ಕಾಯ್ತಿದೆ" ಎಂದು ಮುಳ್ಳಣ್ಣ ಹಾಳೆ ಮಡಚಿ ಜೇಬಿಗಿಟ್ಟುಕೊಂಡ.