ಪೊರ್ಬುಗಳ ಬಲಗಡೆಯ ಸ್ಟಿಯರಿಂಗ್

ಬೆಳಿಗ್ಗೆ ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದ ನನ್ನ ಹೆಂಡತಿ ಒಂದು ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದೆಂತ, ನಿನ್ನೆ ಪೆಟ್ರೋಲ್ ಬಂಕಿನಲ್ಲಿ ಮಲಗಿದ್ರಾ?" ಎಂದಳು. ಮೂಗಿನ ಹತ್ತಿರ ಹಿಡಿದು ನೋಡಿದೆ. ಪೆಟ್ರೋಲು, ಹೊಗೆ, ಹಳೆಯ ಚರ್ಮದ ಸೀಟು, ಮೂರೂ ಸೇರಿದ ವಾಸನೆ. "ಅದನ್ನು ಬೇರೆ ಇಡು" ಎಂದೆ. ಎಂದಿನಂತಲ್ಲದೆ, ಎದುರು ಮಾತಾಡದೆ ಬೇರೆ ಇಟ್ಟಳು. ನನ್ನ ಮುಖ ಅಷ್ಟು ಕೆಟ್ಟದಾಗಿತ್ತೆಂದು ಕಾಣುತ್ತದೆ.

ಈ ವಾಸನೆಯ ಕತೆ ಹೇಳುವ ಮೊದಲು ನಿಮಗೆ ಪೊರ್ಬುಗಳ ಪರಿಚಯ ಮಾಡಿಸಬೇಕು. ಹೆಸರು ಲಿಗೋರಿ, ಶಿರ್ವದ ಕಡೆಯವರು. ನಮ್ಮ ತುಳುನಾಡಿನಲ್ಲಿ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಎಂದು ಕರೆಯುವ ರೂಢಿ. ದುಬೈಗೆ ಬಂದು ಇಷ್ಟು ವರ್ಷವಾದರೂ ನನ್ನ ನಾಲಿಗೆ ಅದನ್ನು ಬಿಟ್ಟಿಲ್ಲ. ಕರಾಮದಲ್ಲಿ ನಮ್ಮದೂ ಅವರದೂ ಎದುರುಬದುರು ಫ್ಲ್ಯಾಟು. ಅವರಿಗೆ ಹೋಟೆಲೊಂದರ ವಾಹನ ವಿಭಾಗದಲ್ಲಿ ಕೆಲಸ. ಹೆಂಡತಿ ಜೆಸಿ, ಅವರ ಹೆಂಗಸರನ್ನು ನಾವು ಗೌರವದಿಂದ ಕರೆಯುವ ಹಾಗೆ ಜೆಸಿ ಬಾಯಿ, ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಿರಲಿಲ್ಲ. ಕಾರು ಇತ್ತು.

ಕಾರೆಂದರೆ ನಮ್ಮ ನಿಮ್ಮಂಥವರು ಕಂತು ಕಟ್ಟಿ ಕೊಳ್ಳುವ ಕಾರಲ್ಲ. ಅಮೆರಿಕದಲ್ಲಿ ಬಹಳ ಹಿಂದೆ ತಯಾರಾದ, ಉದ್ದ ಮೂತಿಯ, ಎರಡೇ ಬಾಗಿಲಿನ, ಅರಚುವ ಕಾರು. ಇಂಥವನ್ನು ಮಸಲ್ ಕಾರು ಎನ್ನುತ್ತಾರೆ. ಒಮ್ಮೆ ಊಟದ ಮೇಜಿನಲ್ಲಿ ನಾನದನ್ನು ಗಂಭೀರವಾಗಿ 'ಮಾಂಸಖಂಡದ ಕಾರು' ಎಂದು ಕನ್ನಡಕ್ಕೆ ತಂದೆ. ಜೆಸಿ ಬಾಯಿ ನಕ್ಕೂ ನಕ್ಕೂ, ತಿನ್ನುತ್ತಿದ್ದ ಇಡ್ಲಿಯಂಥ ಸಾನ್ನ ಗಂಟಲಿಗೆ ಸಿಕ್ಕಿಸಿಕೊಂಡಿದ್ದರು. ಕಾರಿನ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟೇ. ಪೆಟ್ರೋಲು ಯಾವ ಬದಿಗೆ ಹಾಕುವುದು ಎಂಬುದೂ ಬಂಕಿನ ಮುಂದೆ ನಿಂತಮೇಲೆಯೇ ನನಗೆ ನೆನಪಾಗುವುದು.

ಪೊರ್ಬುಗಳು ಅದನ್ನು ಕೊಂಡಾಗ ತುಕ್ಕು ಹಿಡಿದ ಡಬ್ಬಿಯಾಗಿತ್ತು. ಸತ್ವಾದ ಗ್ಯಾರೇಜೊಂದರ ಮೂಲೆಯಲ್ಲಿ ನಿಲ್ಲಿಸಿ ರಜೆ ರಜೆಗೆ ಹೋಗಿ ತಿದ್ದಿದರು. ಬೇರೆ ಕಾರಿನ ದೊಡ್ಡ ಎಂಜಿನ್ ತಂದು ಕೂರಿಸಿದರು. ಹಿಂದಿನ ಚಕ್ರಗಳನ್ನು ಅಗಲ ಮಾಡಿಸಿದರು. ಬಾನೆಟ್ಟು ಕೊರೆಸಿದರು, ಸೀಟುಗಳಿಗೆ ಕಡುಗೆಂಪು ಚರ್ಮ ಹೊಲಿಸಿದರು. ಕಡಲನೀಲಿ ಬಣ್ಣ ಮನಸ್ಸಿಗೆ ಹಿಡಿಸುವವರೆಗೆ ಬಳಿಸಿದ್ದೂ ಬಳಿಸಿದ್ದೇ. ಕೊನೆಗೆ ಊರಿಂದ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನು ತರಿಸಿ ಜೋಡಿಸಿದರು. ಅದನ್ನು ಮೊದಲ ಸಲ ಒತ್ತಿದಾಗ ಸತ್ವಾದ ಬೀದಿಯಲ್ಲಿ ನಾನು ಬೆಚ್ಚಿ ರಸ್ತೆಯ ಪಕ್ಕಕ್ಕೆ ಹಾರಿದ್ದೆ. ಪಡುಬಿದ್ರಿಯಲ್ಲಿ ಬೆಳೆದ ಮೈ ಅದು, ಅದರ ತಪ್ಪಿಲ್ಲ.

ಜೆಸಿ ಬಾಯಿ ಆ ಕಾರಿಗೆ ಬೈಯದ ದಿನವಿರಲಿಲ್ಲ. ಆದರೆ ಒಂದು ಆಸೆ ಅವರಿಗೂ ಇತ್ತು. ಪ್ರತಿ ರಜೆಯಲ್ಲೂ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಮುದುಡಿ, ವಾಂತಿ ತಡೆದುಕೊಂಡು ಮನೆ ಸೇರುವುದು ಅವರಿಗೆ ಸಾಕಾಗಿತ್ತು.

"ಒಂದೇ ಒಂದು ಸಲ ನಮ್ಮದೇ ಕಾರಲ್ಲಿ ಮನೆಗೆ ಹೋಗ್ಬೇಕು ನೋಡಿ. ಎದುರು ಸೀಟಲ್ಲಿ ಕೂತು, ಗ್ಲಾಸ್ ಇಳಿಸಿ" ಎಂದು ನನ್ನೆದುರೇ ಹೇಳಿದ್ದರು.

"ಇದನ್ನೇ ಕೊಂಡೋಗುವ" ಎಂದರು ಪೊರ್ಬುಗಳು. "ಸ್ಟಿಯರಿಂಗ್ ಒಂದು ಬಲಗಡೆಗೆ ತಂದ್ರೆ ಆಯ್ತು."

ನೋಡಿ, ತೊಂದರೆ ಅಲ್ಲೇ ಇತ್ತು. ಇಲ್ಲಿಯ ಗಾಡಿಗಳಿಗೆ ಸ್ಟಿಯರಿಂಗ್ ಎಡಕ್ಕೆ, ಊರಿನಲ್ಲಿ ಬಲಕ್ಕೆ. ಬಲಕ್ಕೆ ತಂದರೆ ಇಲ್ಲಿ ಪಾಸಿಂಗ್ ಆಗುವುದಿಲ್ಲ, ಎಂದರೆ ವರ್ಷ ವರ್ಷದ ತಪಾಸಣೆಯಲ್ಲಿ ಬಿದ್ದುಹೋಗುತ್ತದೆ. ಪಾಸಿಂಗ್ ಇಲ್ಲದೆ ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ಸಿಗುವುದಿಲ್ಲ. ಅದನ್ನು ಪೊರ್ಬುಗಳು ಇವತ್ತಿಗೂ ನಮ್ಮೂರ ಬದಿಯ ಪೇಟೆಯ ಹೆಸರು ಹಿಡಿದು ಮೂಲ್ಕಿ ಎಂದೇ ಕರೆಯುತ್ತಾರೆ.

"ಇಲ್ಲಿ ಮೂಲ್ಕಿ ಸಿಗದಿದ್ರೆ ಎಂತ ಮಾರಾಯ್ರೆ? ಊರಲ್ಲಿ ಮೂಲ್ಕಿ ದಾಟಿಯೇ ಅಲ್ವಾ ನಮ್ಮ ಮನೆಗೆ ಹೋಗುವುದು?"

ಇಂಥ ಹಳೆಯ ಗಾಡಿಯನ್ನು ಊರಿನ ಬಂದರಿನಲ್ಲಿ ಇಳಿಸಲು ಎಷ್ಟು ಕಟ್ಟಳೆಗಳಿವೆ ಎಂದು ನಾನು ಬಿಡಿಸಿ ಹೇಳಿದೆ. ಗ್ಯಾರೇಜಿನವರು ಹೇಳಿದರು. ಜೆಸಿ ಬಾಯಿಯೂ "ಹುಚ್ಚು ಬಿಡಿ" ಎಂದರು. ಅವರು ಹೇಳಿದ ಮೇಲೆ ಪೊರ್ಬುಗಳು ಸುಮ್ಮನಾದರು. ಸ್ಟಿಯರಿಂಗ್ ಎಡಗಡೆಯೇ ಉಳಿಯಿತು.

ಆಮೇಲೆ ಜೆಸಿ ಬಾಯಿಗೆ ಕಾಯಿಲೆ ಬಂತು. ತಾನು ಕೆಲಸ ಮಾಡಿದ ವಾರ್ಡಿನಲ್ಲೇ ಮಲಗಿ, ತನ್ನ ಕಿರಿಯ ನರ್ಸುಗಳಿಂದಲೇ ಸೂಜಿ ಚುಚ್ಚಿಸಿಕೊಂಡು ಹೋಗಿಬಿಟ್ಟರು. ಇಲ್ಲಿಂದ ಊರಿಗೆ ಹೋಗುವ ಹೆಣ ಕಾರ್ಗೋದಲ್ಲಿ ಹೋಗುತ್ತದೆ. ಅದೇ ವಿಮಾನದಲ್ಲಿ ಗಂಡ ಮೇಲೆ, ಹೆಂಡತಿ ಕೆಳಗೆ. ಮಣ್ಣು ಮಾಡಿ ಬಂದ ಪೊರ್ಬುಗಳು ನನಗೆ ಹೇಳಿದ್ದು ಇಷ್ಟೇ: "ಬಜ್ಪೆಯಿಂದ ಆಂಬುಲೆನ್ಸು. ಎದುರು ಸೀಟಲ್ಲಿ ನನ್ನನ್ನು ಕೂರಿಸಿದ್ರು. ಜೆಸಿ ಹಿಂದೆ."

ಅದಾಗಿ ತುಂಬ ದಿನ ಅವರು ಕೆಲಸ ಮುಗಿದೊಡನೆ ಗ್ಯಾರೇಜಿಗೆ ಹೋಗಿಬಿಡುತ್ತಿದ್ದರು. ಒಂದು ರಜೆಯ ದಿನ ನನ್ನನ್ನು ಸತ್ವಾಕ್ಕೆ ಕರೆದೊಯ್ದು ಕಾರಿನ ಬಾಗಿಲು ತೆರೆದು ತೋರಿಸಿದರು. ಸ್ಟಿಯರಿಂಗ್ ಬಲಗಡೆ ಇತ್ತು. ಡ್ಯಾಶ್‌ಬೋರ್ಡು ಹೊಸತು, ಪೆಡಲುಗಳೂ ಬಲಕ್ಕೆ ಬಂದಿದ್ದವು. ಎಡಗಡೆಯ ಸೀಟನ್ನು ಒಂದಿಷ್ಟು ಎತ್ತರಿಸಿ ಹೊಲಿಸಿದ್ದರು, ಜೆಸಿ ಬಾಯಿ ಕುಳ್ಳಗಿದ್ದರಲ್ಲ. ಎಲ್ಲದಕ್ಕೂ ಒಂದು ಕೊಂಕು ಮಾತು ಇಟ್ಟುಕೊಂಡಿರುವ ನಾನು ಅಂದು ಬರೀ "ಚಂದ ಆಗಿದೆ" ಎಂದೆ. ಆ ದಿನದಿಂದ ಕಾರು ರಸ್ತೆ ಕಾಣಲಿಲ್ಲ. ರಿಕವರಿ ಲಾರಿಯ ಬೆನ್ನೇರಿ ಅಲ್ ಕುಸೈಸಿನಲ್ಲಿ ಗೆಳೆಯರೊಬ್ಬರ ಗೋದಾಮು ಸೇರಿತು.

ಈಗ ಪೊರ್ಬುಗಳ ಕೆಲಸ ಮುಗಿದಿದೆ. ವೀಸಾ ಕ್ಯಾನ್ಸಲ್. ಕಾರನ್ನು ಕೊಂಡೊಯ್ಯುವಂತಿಲ್ಲ, ಗೋದಾಮಿನಲ್ಲಿ ಬಿಡುವಂತಿಲ್ಲ. ಕೊಳ್ಳುವವರು ಸಿಗದಿದ್ದರೆ ಗುಜರಿಯೇ ಗತಿ. "ಜಾಹೀರಾತು ನೀವೇ ಬರೀರಿ" ಎಂದರು. ಆಫೀಸಿನಲ್ಲಿ ಕಾಗದ ಬರೆಯುವುದೇ ಕೆಲಸವಾದ ನಾನು ಜಾಣತನ ತೋರಿಸಿದೆ. ಎಂಜಿನ್, ಬಣ್ಣ, ಚರ್ಮ, ಚಕ್ರ ಎಲ್ಲವನ್ನೂ ಹೊಗಳಿ, ಸ್ಟಿಯರಿಂಗಿನ ಸಂಗತಿಯನ್ನು ಕೊನೆಯ ಸಾಲಿಗೆ ತಳ್ಳಿದೆ.

ಪೊರ್ಬುಗಳು ಕನ್ನಡಕ ಏರಿಸಿ ಓದಿದರು. "ಅದನ್ನು ಮೊದಲು ಹಾಕಿ."

"ಮೊದಲೇ ಹಾಕಿದ್ರೆ ಮುಂದಿನದ್ದು ಯಾರೂ ಓದುವುದಿಲ್ಲ ಪೊರ್ಬುಗಳೇ."

"ಓದುವುದು ಬೇಡ. ನಾನು ಮಾಡಿಸಿದ್ದರಲ್ಲಿ ಸರಿಯಾದದ್ದು ಅದೊಂದೇ."

ಮೊದಲೇ ಹಾಕಿದೆ. ಫೋನು ಮಾಡಿದವರೆಲ್ಲ ಎಂಜಿನ್ ಬಿಚ್ಚಿ ಕೊಡುತ್ತೀರಾ ಎಂದೇ ಕೇಳಿದರು. ಪ್ರತಿ ಸಲವೂ ಪೊರ್ಬುಗಳು ಮುಖ ತಿರುಗಿಸಿಕೊಂಡು ಬೇಡವೆಂದು ತಲೆಯಾಡಿಸುತ್ತಿದ್ದರು. ಕೊನೆಗೆ ನಿನ್ನೆ ಅಬುಧಾಬಿಯಿಂದ ಒಬ್ಬ ಅರಬ್ಬಿ ಯುವಕ ಬಂದ. ಹಳೆಯ ಕಾರುಗಳ ಹುಚ್ಚಿನವನು, ಒಳ್ಳೆಯವನು. ಬಿಳಿಯ ಉಡುಪು ಕೊಳೆಯಾದೀತೆಂಬ ಪರಿವೆಯೇ ಇಲ್ಲದೆ ನೆಲಕ್ಕೆ ಬಗ್ಗಿ ಕಾರಿನ ಅಡಿಯನ್ನೆಲ್ಲ ನೋಡಿದ. ಎದ್ದು ನಿಂತು ತನ್ನ ಗಲ್ಫ್ ಹಿಂದಿಯಲ್ಲಿ ಹೇಳಿದ:

"ಗಾಡಿ ಬಹುತ್ ಅಚ್ಛಾ. ಪೂರಾ ರಖೇಗಾ. ಸ್ಟೇರಿಂಗ್ ವಾಪಸ್ ಇಧರ್ ಲಾಯೇಗಾ. ಮಾಫಿ ಮುಶ್ಕಿಲ್."

ಕಾರು ಇಡಿಯಾಗಿ ಉಳಿಯುತ್ತದೆ, ಸ್ಟಿಯರಿಂಗ್ ಮಾತ್ರ ಎಡಕ್ಕೆ ಮರಳುತ್ತದೆ, ಏನೂ ತೊಂದರೆಯಿಲ್ಲ. ಇದಕ್ಕಿಂತ ಒಳ್ಳೆಯ ಮಾತು ಯಾರೂ ಆಡುವಂತಿರಲಿಲ್ಲ. ಪೊರ್ಬುಗಳು ಎಡಗಡೆಯ ಸೀಟಿನ ಧೂಳನ್ನು ಕೈಯಲ್ಲೇ ಒರೆಸಿ, "ಖಲಾಸ್. ತೆಗೊಂಡು ಹೋಗ್ಲಿ" ಎಂದರು. "ಒಂದು ಸಲ ಓಡಿಸ್ತೇನೆ ಅಂತ ಹೇಳಿ ಅವನಿಗೆ."

ಗೋದಾಮಿನ ನಡುವೆ ಪೆಟ್ಟಿಗೆಗಳ ಸಾಲುಗಳ ಮಧ್ಯೆ ಒಂದು ಲಾರಿ ಹೋಗುವಷ್ಟು ದಾರಿ. ನಾನು ಎಡಗಡೆಯ ಬಾಗಿಲು ತೆರೆದು ಕೂರಲು ಹೋದೆ.

"ನೀವು ಹಿಂದೆ ಕೂತ್ಕೊಳ್ಳಿ" ಎಂದರು ಪೊರ್ಬುಗಳು.

ಎದುರಿನ ಸೀಟು ಮಡಚಿ ಹಿಂದಕ್ಕೆ ತೂರಿಕೊಂಡೆ. ಅವರು ಆ ಸೀಟನ್ನು ನೇರ ಮಾಡಿ, ಬಾಗಿಲು ಮುಚ್ಚಿ, ಎಡಗಡೆಯ ಗ್ಲಾಸು ಪೂರ್ತಿ ಇಳಿಸಿದರು. ಎಂಜಿನ್ ಅರಚಿತು, ತಗಡಿನ ಮಾಡು ನಡುಗಿತು. ಹೊಗೆ ಒಳಗೆಲ್ಲ ತುಂಬಿತು. ಕಾರು ನಮ್ಮ ಊರಿನ ರಸ್ತೆಯಲ್ಲಿ ಹೋಗುವಂತೆ ಎಡಕ್ಕೆ ಅಂಟಿಕೊಂಡು ನಿಧಾನವಾಗಿ ಹೋಯಿತು, ಗುಂಡಿಯೇ ಇಲ್ಲದ ನೆಲದಲ್ಲಿ ಗುಂಡಿ ತಪ್ಪಿಸುವವರಷ್ಟು ನಿಧಾನವಾಗಿ. ಕೊನೆಯ ಶಟರಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದರು.

"ಪಾವ್ಲ್ಯಾಂವ್" ಎಂದರು. ಕೊಂಕಣಿಯಲ್ಲಿ, ಬಂದು ಮುಟ್ಟಿದೆವು ಎಂದು.

ನನ್ನೊಡನೆ ಅವರು ಆಡುವುದು ಕನ್ನಡ, ಸಿಟ್ಟು ಬಂದರೆ ತುಳು. ಆ ಮಾತು ನನಗೆ ಹೇಳಿದ್ದಲ್ಲ. ಎರಡೇ ಬಾಗಿಲಿನ ಕಾರು, ಆ ಸೀಟು ಮಡಚದೆ ನಾನು ಇಳಿಯುವಂತಿರಲಿಲ್ಲ. ಮಡಚಲು ಮನಸ್ಸು ಬರದೆ ಹಿಂದೆಯೇ ಕೂತು ಅತ್ತೆ.

ಇವತ್ತು ಮಧ್ಯಾಹ್ನ ಪೊರ್ಬುಗಳ ವಿಮಾನ. ವಿಮಾನ ನಿಲ್ದಾಣಕ್ಕೆ ನಾನೇ ಬಿಡಬೇಕು. ಈಗ ಕೆಳಗೆ ಬಂದಿದ್ದಾರೆ, ಒಂದೇ ಪೆಟ್ಟಿಗೆ. ನನ್ನ ಕಾರು ಎಲ್ಲರ ಕಾರಿನಂಥದ್ದು, ಸ್ಟಿಯರಿಂಗ್ ಎಡಗಡೆ. ಅವರು ಬಲಗಡೆ ಬಂದು ಕೂತು ಬಾಗಿಲು ಹಾಕಿಕೊಂಡರು. ಎರಡು ಕೈಯನ್ನೂ ಎದೆಯ ಮಟ್ಟಕ್ಕೆ ಎತ್ತಿ, ಅಲ್ಲಿ ಹಿಡಿಯಲು ಏನೂ ಇಲ್ಲವೆಂದು ಕಂಡು, ತೊಡೆಯ ಮೇಲೆ ಇಳಿಸಿದರು.

"ಯಲ್ಲಾ, ಹೋಗುವ" ಎಂದರು.