ಕಾಕಾನ ಟೀ ಶರ್ಟುಗಳ ಕೌದಿ

ಕಾಕಾ ತೀರಿಕೊಂಡ ಮರುವರ್ಷ ಅವರ ಹೆಂಡತಿ, ನಮ್ಮ ಕಾಕು, ಕಾಕಾನ ಆರು ಟೀ ಶರ್ಟುಗಳನ್ನು ತಂದು ನನ್ನ ಮುಂದೆ ಇಟ್ಟರು. ಕಾಕಾ ತಾಂಬಾ ಊರಿನ ಶಾಲೆಯಲ್ಲಿ ಪಿ.ಟಿ. ಮಾಸ್ತರರಾಗಿದ್ದರು, ಒಂದೊಂದರ ಬೆನ್ನ ಮೇಲೂ ಒಂದೊಂದು ಕ್ರೀಡಾಕೂಟದ ಅಕ್ಷರಗಳು. ಎಲ್ಲವನ್ನೂ ಸೇರಿಸಿ ಹೊಲಿದು ಹೊದೆಯುವ ಕೌದಿ ಮಾಡಿಕೊಡು ಎಂದರು. ಷರತ್ತು ಒಂದೇ.

“ಹೊಚ್ಚಿಕೊಂಡ್ರ ಅವರ ಅಂಗಿ ಅಂತ ಕೈಗೆ ಗೊತ್ತಾಗಬೇಕವಾ. ರಟ್ಟಿನಂಗಾದ್ರ ನನಗ ಬ್ಯಾಡ.”

ಕತ್ತರಿ ಹಾಕಿದ ಮೇಲೆ ಆರರಲ್ಲಿ ಒಂದೂ ಮತ್ತೆ ಸಿಗುವುದಿಲ್ಲ. ಹಾಗಾಗಿ ಮೊದಲು ನನ್ನ ಹಾಸ್ಟೆಲಿನ ಹಳೆಯ ಟೀ ಶರ್ಟೊಂದರ ಅರ್ಧದ ಮೇಲೆ ಹೊಲಿದು ನೋಡಿದೆ. ನಮ್ಮಲ್ಲಿ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ನಾವು ಆಯಿ ಎಂದು ಕರೆಯುವ ಅಜ್ಜಿ ಹಳೆಯ ಸೀರೆಗೆ ಹೊಲಿಯುವ ಹಾಗೆಯೇ ನಾನೂ ಹೊಲಿದೆ. ಸೀರೆ ಸುಮ್ಮನಿರುತ್ತದೆ, ಟೀ ಶರ್ಟಿನ ಹೆಣೆದ ಬಟ್ಟೆ ಹಿಗ್ಗುತ್ತದೆ. ಕತ್ತರಿಸಿದ ಅಂಚು ಸುರುಳಿಯಾಯಿತು. ಪ್ರತಿ ಸುತ್ತೂ ಬಟ್ಟೆಯನ್ನು ಒಳಗೆ ದೂಡಿ ನಡುವೆ ಉಬ್ಬು ಎಬ್ಬಿಸಿತು. ಆಯಿ ಅದರ ಮೇಲೆ ಕೈಯಾಡಿಸಿ, “ಏಳ ತಿಂಗಳ ಬಸರಿ ಆಗೇತಲ್ಲ ನಿನ್ನ ಕೌದಿ,” ಅಂದರು.

ಮರುದಿನ, ಬಟ್ಟೆ ಹಿಗ್ಗದಂತೆ ಹಿಂದೆ ಹಚ್ಚುವುದನ್ನು ಹುಡುಕಿಕೊಂಡು ಇಂಡಿ ಪೇಟೆಗೆ ಹೋದೆ. ಹೊಲಿಗೆ ಸಾಮಾನಿನ ಅಂಗಡಿಯವರು ಕಾಲರಿಗೆ ಹಾಕುವ ಬಿರುಸು ಬಟ್ಟೆ, ಬಕ್ರಂ, ತೋರಿಸಿದರು. ಮಡಚಿದರೆ ಎದ್ದು ನಿಲ್ಲುತ್ತಿತ್ತು. ಬೇಡವೆಂದು, ಒಂದೇ ಬದಿಗೆ ಅಂಟಿನ ಚುಕ್ಕೆಗಳಿದ್ದ, ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಎಲ್ಲಕ್ಕಿಂತ ತೆಳ್ಳನೆಯ ಒಳಪದರದ ಬಟ್ಟೆ, ಕ್ಯಾನ್ವಾಸು, ಆರಿಸಿಕೊಂಡೆ. ಹಾಸ್ಟೆಲಿನ ಶರ್ಟಿನ ಉಳಿದ ಅರ್ಧಕ್ಕೆ ಅದು ಸರಿಬಂದ ಮೇಲೆ ಕಾಕಾನ ಒಂದು ಶರ್ಟನ್ನು ಮಾತ್ರ ಒಗೆದು ಒಣಗಿಸಿದೆ. ಬೇಕಾದದ್ದಕ್ಕಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಅಕ್ಷರಗಳನ್ನು ಕೆಳಮುಖ ಮಾಡಿ, ಎಳೆಯದೆ ಸವರಿ ಹಾಸಿದೆ. ಟೀ ಶರ್ಟು ಹೆಚ್ಚು ಹಿಗ್ಗುವುದು ಅಡ್ಡಕ್ಕೆ. ಕ್ಯಾನ್ವಾಸನ್ನು ಅಂಟಿನ ಬದಿ ಕೆಳಗಾಗಿ, ಅದರ ಹಿಗ್ಗದ ದಿಕ್ಕು ಅಡ್ಡಕ್ಕೇ ಬರುವಂತೆ ಅದರ ಮೇಲಿಟ್ಟೆ. ಇಸ್ತ್ರಿಯನ್ನು ಉಜ್ಜಲಿಲ್ಲ. ಒದ್ದೆ ಬಟ್ಟೆಯ ಮೇಲಿಂದ ಒತ್ತಿ, ಎತ್ತಿ, ಪಕ್ಕದಲ್ಲಿಟ್ಟು ಮತ್ತೆ ಒತ್ತಿದೆ. ಪೂರ್ತಿ ತಣ್ಣಗಾದ ಮೇಲೆ ಅಳತೆಗೆ ಕತ್ತರಿಸಿದೆ. ಅಂಚು ಸುರುಳಿಯಾಗಲಿಲ್ಲ.

ಅಂಟು ಹಚ್ಚಿದ್ದಕ್ಕೆ ಸೂಜಿ ಇಳಿಯುವುದಿಲ್ಲ ಎಂದು ಆಯಿ ವಾದಿಸಿದರು. ಆಮೇಲೆ ತಾವೇ ಸೂಜಿ ಕಸಿದುಕೊಂಡು ನಡುವಿನ ತನಕ ಹೊಲಿದರು. ಉಬ್ಬು ಏಳಲಿಲ್ಲ.

ಸಂಜೆ ಕಾಕು ಬಂದು ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಜೋರಾಗಿ ಜಗ್ಗಿದರು. ಅಕ್ಷರಗಳು ಅಲುಗಲಿಲ್ಲ. ಬಳಿಕ ಮಡಚಿದರು, ಮುಷ್ಟಿಯಲ್ಲಿ ಹಿಂಡಿದರು, ಬಿಡಿಸಿ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರು.

“ಉಳಿದ ಐದೂ ಕತ್ತರಸು,” ಅಂದರು.