ವಾರಿಜಾ ಇಳಿದ ಶಬ್ದ

ಪಾಠ ಮುಗಿಸಿ ಕೈ ಕೊಡವುವಾಗ ಅಂಗೈಗೆ ಚಾಕ್‌ಪುಡಿ ಅಂಟಿದ್ದು ಕಂಡರೆ ನಾನು ಇವತ್ತಿಗೂ ಓಡಿಹೋಗಿ ನಲ್ಲಿಯಡಿ ಕೈ ಹಿಡಿಯುತ್ತೇನೆ. ಬಂಟ್ವಾಳದ ಕಡೆ ಇಷ್ಟು ವರ್ಷದಿಂದ ಕನ್ನಡ ಕಲಿಸುವ ಟೀಚರಿಗೆ ಇದೆಂಥ ರೋಗ ಎಂದು ನಗಬೇಡಿ. ನೀವೂ ಅವತ್ತು ಆ ಕಂಬದ ಬುಡದಲ್ಲಿ ನಿಂತಿದ್ದರೆ ಗೊತ್ತಾಗುತ್ತಿತ್ತು.

ವಾರಿಜಾ ನನ್ನ ಹೈಸ್ಕೂಲಿನ ಜೊತೆಗಾತಿ, ಸಿದ್ಧಕಟ್ಟೆಯವಳು. ಜಿಮ್ನಾಸ್ಟಿಕ್ಸ್ ಎಂದು ಸರಿಯಾಗಿ ಹೇಳಲು ನಮಗೆಲ್ಲ ಒಂದು ವರ್ಷ ಹಿಡಿಯಿತು. ಅವಳಿಗೆ ಅದನ್ನು ಮಾಡಲು ಒಂದು ವಾರ ಸಾಕಾಯಿತು. ಉಳಿದ ಚಾಕ್ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಜಜ್ಜಿ, ಕಂಬಗಳಿಗೆ ಮೇಲೊಂದು ಕೆಳಗೊಂದು ಅಡ್ಡ ಕಟ್ಟಿದ ಸರಳುಗಳಿಂದ ಜಾರದಂತೆ ಆ ಪುಡಿಯನ್ನು ಅವಳ ಕೈಗೆ ಹಚ್ಚುವುದು ನನ್ನ ಕೆಲಸ. ದಪ್ಪಗಿದ್ದೆನಲ್ಲ, ಅವಳು ಬಿದ್ದರೆ ಹಿಡಿಯುವ ಕೆಲಸವೂ ನನ್ನದೇ. "ನೀನು ನಿಂತಲ್ಲೇ ನಿಲ್ಲು, ಅದೊಂದು ನಿನಗೆ ಬರ್ತದೆ" ಎನ್ನುತ್ತಿದ್ದರು ಪಿ.ಟಿ. ಮಾಸ್ಟ್ರು. ಅವಳು ಬೀಳಲೇ ಇಲ್ಲ. ಹಾಗಾಗಿ ನಾನು ಬರೀ ಕೇಳಿಸಿಕೊಳ್ಳುತ್ತಿದ್ದೆ, ಎರಡೂ ಪಾದ ಒಟ್ಟಿಗೆ ತೆಂಗಿನನಾರಿನ ಹಾಸಿಗೆಗೆ ತಾಗುವ ಆ 'ದಪ್' ಶಬ್ದವನ್ನು. ಕಣ್ಣು ಮುಚ್ಚಿದ್ದರೂ ಅವಳು ಇಳಿದಳೆಂದು ತಿಳಿಯುತ್ತಿತ್ತು.

ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ವಿಭಾಗ ಮಟ್ಟದ ಸ್ಪರ್ಧೆ. ಮೊದಲ ಇಬ್ಬರು ರಾಜ್ಯಮಟ್ಟಕ್ಕೆ. ಅಲ್ಲಿಂದ ದೆಹಲಿಯವರೆಗೂ ಮಾಸ್ಟ್ರು ಕನಸು ಕಟ್ಟಿದ್ದರು. ಮೋಡ ಕವಿದ ಸಂಜೆ, ಕಿಟಕಿಗಳೆಲ್ಲ ಮುಚ್ಚಿದ್ದವು. ವಾರಿಜಾ ಮೇಲಿನ ಸರಳಿನಲ್ಲಿ ಸುತ್ತು ಹಾಕಿ, ಕೊನೆಯ ಪಲ್ಟಿಗೆ ಕೈ ಬಿಟ್ಟಳು. ಅದೇ ಕ್ಷಣ ಕರೆಂಟು ಹೋಯಿತು.

ಕಂಬದ ಬುಡದಲ್ಲಿ ನಿಂತಿದ್ದ ನಾನು ಕತ್ತಲಲ್ಲಿ ಕೈ ಚಾಚಿ ಕಾದೆ. ಶಬ್ದ ಬರಲಿಲ್ಲ. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು, ಆದರೂ ಬರಲಿಲ್ಲ. ಜನರೇಟರ್ ಶುರುವಾಗಿ ದೀಪ ಹತ್ತಿದಾಗ ಹಾಸಿಗೆಯ ನಡುವೆ ಅವಳು ಕೈಯೆತ್ತಿ ನಿಂತಿದ್ದಳು.

ತೀರ್ಪುಗಾರರು ಇನ್ನೊಮ್ಮೆ ಮಾಡು ಎಂದರು. "ಮಾಡಿ ಆಗಿದೆ ಸರ್" ಎಂದಳು ವಾರಿಜಾ. ಆಗ ಅವರು ನನ್ನ ಕಡೆ ತಿರುಗಿದರು.

"ಹತ್ತಿರ ಇದ್ದದ್ದು ನೀನು. ಅವಳು ಸರಿಯಾಗಿ ಇಳಿದದ್ದು ನಿನಗೆ ಗೊತ್ತಾಯಿತಾ?"

"ಇಲ್ಲ ಸರ್. ಶಬ್ದ ಕೇಳಲಿಲ್ಲ."

ಸತ್ಯವನ್ನೇ ಹೇಳಿದ್ದೆ. ಅಂಕ ಕಳೆದರು. ವಾರಿಜಾ ಮೂರನೆಯವಳಾದಳು.

ಆಮೇಲೆ ಅವಳಿಗೆ ಸರಳು ಬಿಡಲಾಗಲಿಲ್ಲ. ಎಲ್ಲ ಸುತ್ತುಗಳನ್ನೂ ಮೊದಲಿಗಿಂತ ಚೆಂದ ಮಾಡುತ್ತಿದ್ದಳು, ಕೊನೆಗೆ ಸುಮ್ಮನೆ ಜೋತುಬಿದ್ದು ಹಾಗೇ ಇರುತ್ತಿದ್ದಳು. ನಾನು ಸ್ಟೂಲು ಹತ್ತಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಿತ್ತು. ಎಂಥ ಸೆಖೆಯಲ್ಲೂ ಅವು ತಣ್ಣಗಿರುತ್ತಿದ್ದವು. ಮುಂದಿನ ವರ್ಷ ಅವಳು ಆಟವನ್ನೇ ಬಿಟ್ಟಳು.

ವೇಣೂರಿನಲ್ಲಿ ಅವಳದೊಂದು ಫ್ಯಾನ್ಸಿ ಅಂಗಡಿ ಇದೆಯೆಂದು ಗೊತ್ತಿದ್ದೂ ನಾನು ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಹೇಡಿತನ, ಬೇರೇನಲ್ಲ. ಕಳೆದ ತಿಂಗಳು ಧೈರ್ಯ ಮಾಡಿ ಹೋದೆ. ಬಳೆಗಳನ್ನು ತೂಗುಹಾಕಿದ ಗೋಡೆಯ ಮುಂದೆ, ಎತ್ತರದ ಸ್ಟೂಲಿನಲ್ಲಿ ಕಾಲೆರಡನ್ನೂ ಮೇಲೆ ಮಡಚಿಕೊಂಡು ಕೂತಿದ್ದಳು. ಚಾ ತರಿಸಿದಳು. ಮಕ್ಕಳ ಸುದ್ದಿಯೆಲ್ಲ ಆಯಿತು.

"ಒಂದು ಕೇಳ್ತೇನೆ ಮಾರಾಯ್ತಿ" ಎಂದಳು ಮತ್ತೆ. "ಅವತ್ತು ನಾನು ಇಳಿದೆನಾ? ಕೈ ಬಿಟ್ಟದ್ದು ನೆನಪುಂಟು. ದೀಪ ಬಂದದ್ದು ನೆನಪುಂಟು. ನಡುವೆ ಎಂತದೂ ಇಲ್ಲ. ನಿದ್ದೆ ಹತ್ತಿದರೆ ಈಗಲೂ ಗಾಳಿಯಲ್ಲೇ ಇರ್ತೇನೆ, ನೆಲ ಬರುವುದೇ ಇಲ್ಲ."

ಅವಳ ಕಣ್ಣು ನೋಡಿ ನನಗೆ ಭಯವಾಯಿತು. ನನ್ನ ಸತ್ಯ ಅವಳಿಗೆ ಏನು ಮಾಡಿದೆ ಎಂದು ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಸುಳ್ಳು ಹೇಳಿದೆ.

"ಇಳಿದೆ. ಶಬ್ದ ನನಗೆ ಕೇಳಿತ್ತು. ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು, ಅದಕ್ಕೆ ಇಲ್ಲ ಅಂದೆ."

ಅವಳು ಚಾ ಲೋಟ ಪಕ್ಕಕ್ಕೆ ಸರಿಸಿದಳು. "ಹಾಗಾದರೆ ನನ್ನನ್ನು ಹಾಳು ಮಾಡಿದ್ದು ನೀನು. ಹೋಗು. ಇನ್ನು ಈ ಅಂಗಡಿಗೆ ಕಾಲಿಡಬೇಡ" ಎಂದವಳೇ ನನ್ನನ್ನು ಹೊರಗಟ್ಟಲು ಸ್ಟೂಲಿನಿಂದ ಹಾರಿದಳು.

ಬರಿಗಾಲು, ಸಿಮೆಂಟಿನ ನೆಲ. ಮೈಯೂ ಈಗ ನನ್ನಷ್ಟೇ ಭಾರ. ಅವಳ ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಿದವು, ನನ್ನ ಕಣ್ಣೆದುರೇ. ಗೋಡೆಯ ಒಂದು ಬಳೆಯೂ ಅಲುಗಲಿಲ್ಲ. ಶಬ್ದ ಬರಲಿಲ್ಲ.

ಬೈಸಿಕೊಂಡ ಬೇಸರ ನನಗಿಲ್ಲ. ಇಳಿದೆನೆಂದು ನಂಬಿದ ಅವಳಿಗೆ ಈಗ ನಿದ್ದೆಯಲ್ಲಿ ನೆಲ ಸಿಗುತ್ತಿರಬಹುದು. ನನಗೆ ಮಾತ್ರ ಕ್ಲಾಸಿನ ಗಲಾಟೆಯ ನಡುವೆಯೂ ಆ ಮೌನ ನೆನಪಾಗುತ್ತದೆ. ಆ ತೀರ್ಪುಗಾರರು ಇನ್ನೊಮ್ಮೆ ಕೇಳಬಾರದೇ ಅನ್ನಿಸುತ್ತದೆ. ಶಬ್ದವಿಲ್ಲದೆಯೂ ಇಳಿಯಲಿಕ್ಕೆ ಆಗ್ತದೆ ಸರ್, ನಾನು ನೋಡಿದ್ದೇನೆ, ಎನ್ನುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ.